ರಕ್ತದಾನಿಗಳ ಪಟ್ಟಿಯನ್ನು ಮೂರು ಪಾಲು ಮಾಡಿದ್ದು

ಕಂಪ್ಯೂಟರ್ ಇನ್ನೂ ಹುಡುಕುತ್ತಿದೆಯೋ ಇಲ್ಲ ಸತ್ತೇ ಹೋಗಿದೆಯೋ ಎಂದು ತಿಳಿಯಲು ನಮಗಿದ್ದದ್ದು ಒಂದೇ ಉಪಾಯ: ಅದರ ಪಕ್ಕೆಗೆ ಅಂಗೈ ಇಟ್ಟು ನೋಡುವುದು. ಒಳಗೆ ಗುರುಗುಟ್ಟುತ್ತಿದ್ದರೆ ಸರಿ, ಕಾಯಬಹುದು. ಕೌಂಟರಿನ ಆಚೆ ನಿಂತವರಿಗೆ ಅದು ಹೇಗೆ ಕಾಣಿಸುತ್ತಿತ್ತೋ ಏನೋ. ಅವರ ಕೈಯಲ್ಲಿ ಆಸ್ಪತ್ರೆಯ ಚೀಟಿ, ಈಚೆ ಈ ಮುದುಕಿ ಡಬ್ಬಕ್ಕೆ ಜ್ವರ ಬಂದಿದೆಯೇ ಎಂದು ನೋಡುತ್ತಿದ್ದಾಳೆ.

ಎರಡು ಸಾವಿರದ ಇಸವಿ ಕಳೆದ ಮೊದಲ ಕೆಲವು ವರ್ಷಗಳ ಮಾತು. ಜಯನಗರದ ಒಂದು ಹಳೆಯ ಮನೆಯ ಮುಂದಿನ ಕೋಣೆಯಲ್ಲಿ ನಮ್ಮ ಸಣ್ಣ ಸಂಸ್ಥೆ ಇತ್ತು. ನಾವು ರಕ್ತ ತೆಗೆದುಕೊಳ್ಳುತ್ತಿರಲಿಲ್ಲ, ಕೊಡುತ್ತಲೂ ಇರಲಿಲ್ಲ. ಕೊಡಲು ಒಪ್ಪಿದವರ ಹೆಸರು, ಗುಂಪು, ಫೋನ್ ನಂಬರ್ ಇಟ್ಟುಕೊಂಡು, ಬೇಕೆಂದು ಬಂದವರಿಗೆ ಹುಡುಕಿ ಕೊಡುತ್ತಿದ್ದೆವು, ಅಷ್ಟೇ. ನಾನು ಓದಿದ ಕಾನ್ವೆಂಟಿನ ಆಫೀಸಿನಲ್ಲೇ ಕೆಲಸ ಮಾಡಿ ರಿಟೈರ್ ಆದವಳು. ನನ್ನ ತಲೆ ಬಹಳ ಟೈಡಿ ಎಂದು ಸಿಸ್ಟರ್‌ಗಳು ಹೊಗಳುತ್ತಿದ್ದರು. ಆ ಹೊಗಳಿಕೆಯೇ ನನ್ನನ್ನು ಈ ಕುರ್ಚಿಗೆ ತಂದು ಕೂರಿಸಿತ್ತೆಂದು ಕಾಣುತ್ತದೆ.

ಬನಶಂಕರಿಯಲ್ಲಿ ಒಂದು, ಬಿಟಿಎಂನಲ್ಲಿ ಒಂದು, ಹೀಗೆ ಇನ್ನೆರಡು ಕೋಣೆಗಳಿದ್ದವು. ಪಟ್ಟಿ ಮಾತ್ರ ನಮ್ಮ ಜಯನಗರದ ಮಷೀನಿನಲ್ಲಿ. ಆ ಇಬ್ಬರೂ ಟೆಲಿಫೋನ್ ಲೈನಿನ ಮೂಲಕ ನಮ್ಮದನ್ನೇ ಕೇಳಬೇಕು. ಬೆಳಿಗ್ಗೆ ಹತ್ತರ ಹೊತ್ತಿಗೆ ಮೂರೂ ಕಡೆಯಿಂದ ಒಟ್ಟಿಗೆ ಕೇಳಿದರೆ ಅದಕ್ಕೆ ಉಸಿರು ಕಟ್ಟುತ್ತಿತ್ತು. ಐದು ನಿಮಿಷ, ಹತ್ತು ನಿಮಿಷ, ಕೆಲವು ದಿನ ಪೂರ್ತಿ ಹ್ಯಾಂಗ್. ಪಟ್ಟಿಯನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ ಎಂದು ಹೇಳುವವರಿದ್ದರು. ಒಬ್ಬರು ಒಮ್ಮೆ ಕೊಟ್ಟರೆ ಮೂರು ತಿಂಗಳು ಕೊಡುವ ಹಾಗಿಲ್ಲ. ನಿನ್ನೆಯ ಪ್ರಿಂಟು ಇವತ್ತಿಗೆ ಹಳಸಿದ ಅನ್ನ.

ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಗದಗದ ಕಡೆಯ ಒಬ್ಬ ಇಂಜಿನಿಯರ್. ಬಿಟಿಎಂನಲ್ಲಿ ಬಾಡಿಗೆಗಿದ್ದ, ಮೂವತ್ತರ ಆಸುಪಾಸು. ಶನಿವಾರ ಆಫೀಸಿಗೆ ರಜ, ನಮ್ಮಲ್ಲಿಗೆ ಹಾಜರ್, ಕಾಫಿ ಬಿಟ್ಟರೆ ಏನನ್ನೂ ಮುಟ್ಟುತ್ತಿರಲಿಲ್ಲ. ಕೆಲವೊಮ್ಮೆ ಹೆಂಡತಿಯನ್ನೂ ಕರೆದುಕೊಂಡು ಬರುತ್ತಿದ್ದ. ಅವಳು ಫ್ಯಾನಿನ ಕೆಳಗಿನ ಬೆಂಚಿನಲ್ಲಿ ಕಾಲು ಚಾಚಿ ಕೂತು, ನನಗೆಂದು ತಂದ ಶೇಂಗಾ ಚಟ್ನಿಯ ಡಬ್ಬಿಯನ್ನು ಮೇಜಿನ ಮೇಲೆ ತಳ್ಳುತ್ತಿದ್ದಳು. ಆಗಲೇ ಆರು ತಿಂಗಳ ಬಸುರಿ.

"ಆಂಟಿ, ಇವ್ರು ಇದ್ರ ಮುಂದ ಕುಂತ್ರ ನಾ ಕರದ್ರೂ ಕೇಳಂಗಿಲ್ರೀ," ಎಂದು ಒಮ್ಮೆ ದೂರು ಹೇಳಿದಳು. "ನನಗ ನೋವು ಬಂದ್ರ ಅದ್ರಾಗ ಟೈಪ್ ಮಾಡಿ ಹೇಳ್ಬೇಕೇನ್ರೀ?"

ನಕ್ಕೆವು. ಅವಳದು ಓ ನೆಗೆಟಿವ್. ಮಾಸು ಕೆಳಗೆ, ಗರ್ಭದ ಬಾಯಿಗೆ ಅಡ್ಡವಾಗಿ ಕೂತಿದೆ, ಯಾವಾಗ ಬೇಕಾದರೂ ರಕ್ತಸ್ರಾವ ಶುರುವಾಗಬಹುದು, ದಾನಿಗಳನ್ನು ಗೊತ್ತುಮಾಡಿ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದು ಅದಾದ ಸ್ವಲ್ಪ ದಿನಕ್ಕೆ. ಆ ಮೇಲೆ ಅವನು ಮಷೀನ್ ನೋಡುವ ರೀತಿಯೇ ಬದಲಾಯಿತು. ಅದು ಹ್ಯಾಂಗ್ ಆದಾಗಲೆಲ್ಲ ಅವನ ದವಡೆ ಬಿಗಿಯುವುದು ನನಗೆ ಕಾಣುತ್ತಿತ್ತು.

ಒಂದು ಶನಿವಾರ ಮೀಟಿಂಗ್ ಕರೆದ. ಕರೆದ ಎಂದರೆ ನಾವು ಮೂರೇ ಜನ: ಅವನು, ನಾನು, ನಮ್ಮ ಅಧ್ಯಕ್ಷರು. ಅಧ್ಯಕ್ಷರ ತಂದೆ ರಾಗಿ ಬೆಳೆಯುತ್ತಿದ್ದ ಹೊಲವೇ ಈಗ ಬಿಟಿಎಂನ ಒಂದಷ್ಟು ರಸ್ತೆಗಳು. ಅಲ್ಲಿಯ ನಮ್ಮ ಕೋಣೆಯೂ ಅವರದೇ ಕಟ್ಟಡ.

"ಒಂದ ಮಷೀನ್ ಮ್ಯಾಲೆ ಎಲ್ಲಾ ಭಾರ ಹಾಕಿದ್ರ ಅದಾದ್ರೂ ಏನ್ ಮಾಡ್ಬೇಕ್ರೀ?" ಎಂದು ಅವನು ಶುರುಮಾಡಿದ. "ಪಟ್ಟೀನ ಮೂರು ಪಾಲು ಮಾಡೂಣು. ಜಯನಗರದವ್ರು ಇಲ್ಲಿ, ಬಿಟಿಎಂ ಕಡೆಯವ್ರು ಅಲ್ಲಿ, ಸುಬ್ರಹ್ಮಣ್ಯಪುರ, ಅಂಜನಾಪುರ ಎಲ್ಲಾ ಬನಶಂಕರಿ ಮಷೀನ್‌ನ್ಯಾಗ. ನೀವು ಎಲ್ಲಿ ಕುಂತು ಕೇಳಿದ್ರೂ ಮೂರೂ ಒಮ್ಮೆಗೇ ಹುಡುಕ್ತಾವ್ರೀ. ಡಿಸ್ಟ್ರಿಬ್ಯೂಟೆಡ್ ಅಂತಾರ ಇದಕ್ಕ."

"ಪಾಲು ಅಂದ್ರೆ ನಂಗೆ ಭಯ ಕಣಪ್ಪ," ಎಂದರು ಅಧ್ಯಕ್ಷರು. "ನಮ್ಮಪ್ಪನ ಜಮೀನು ಮೂರು ಪಾಲಾಯ್ತು ನೋಡು, ಅವತ್ತಿಂದ ನಾವು ಅಣ್ಣತಮ್ಮಂದ್ರು ಒಬ್ರಿಗೊಬ್ರು ಮಾತಾಡಿಲ್ಲ."

ಅವನಿಗೂ ನಗು ಬಂತು. ನನಗೆ ಬರಲಿಲ್ಲ. ಆ ಬೇಸಿಗೆ ಕರೆಂಟು ತೆಗೆಯುವ ವೇಳಾಪಟ್ಟಿ ಪೇಪರಿನಲ್ಲಿ ಬರುತ್ತಿತ್ತು, ಏರಿಯಾ ಪ್ರಕಾರ, ತಲಾ ಎರಡು ಗಂಟೆ. ನಾನು ಅದನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ, ಅಕ್ಕಿ ರುಬ್ಬುವುದಕ್ಕೂ ಅದನ್ನೇ ನೋಡಬೇಕಿತ್ತಲ್ಲ. ಹೊರಗೆ ತೆಗೆದು ಮೇಜಿನ ಮೇಲೆ ಹರಡಿದೆ. ಬನಶಂಕರಿಗೆ ಹತ್ತರಿಂದ ಹನ್ನೆರಡು, ಜಯನಗರಕ್ಕೆ ಹನ್ನೆರಡರಿಂದ ಎರಡು, ಬಿಟಿಎಂಗೆ ಎರಡರಿಂದ ನಾಲ್ಕು. ಒಂದೇ ಮಷೀನ್ ಇದ್ದರೆ ನಾವು ದಿನಕ್ಕೆ ಎರಡು ಗಂಟೆ ಕುರುಡರು, ಅದು ನಮಗೂ ಗೊತ್ತು, ಬಂದವರಿಗೂ ಗೊತ್ತು. ಮೂರಾದರೆ?

"ಹನ್ನೊಂದು ಗಂಟೆಗೆ ನಾನಿಲ್ಲಿ ಕೂತು ಹುಡುಕ್ತೀನಿ ಅಂತಿಟ್ಕೊ," ಎಂದೆ. "ಬನಶಂಕರೀಲಿ ಕರೆಂಟಿಲ್ಲ. ಸ್ಕ್ರೀನ್ ಏನು ಹೇಳುತ್ತೆ?"

"ಉಳಿದ ಎರಡರಾಗ ಇದ್ದದ್ದು ಕೊಡ್ತೈತ್ರೀ."

"ಆ ಎರಡರಲ್ಲೂ ಇಲ್ಲದಿದ್ರೆ?"

ಅವನು ಪೆನ್ನಿನ ಕ್ಯಾಪು ತೆಗೆದು ಹಾಕಿದ. "ನೋ ಡೋನರ್ಸ್ ಫೌಂಡ್ ಅಂತೈತಿ."

"ಅದು ಸುಳ್ಳಲ್ವೇನಪ್ಪ?"

"ಸುಳ್ಳಲ್ರೀ ಮೇಡಂ. ಸಿಕ್ಕಿಲ್ಲ ಅಂತ ಖರೇನ ಹೇಳ್ತೈತಿ."

ಇಲ್ಲ ಎನ್ನುವುದು ಬೇರೆ, ಕೇಳಲು ಆಗಲಿಲ್ಲ ಎನ್ನುವುದು ಬೇರೆ. ಇದನ್ನು ನಾನು ಅವನಿಗೆ ವಿವರಿಸಬೇಕಾದ್ದೇ ಇರಲಿಲ್ಲ, ಬುದ್ಧಿವಂತ. ಪೂರ್ತಿ ಪಟ್ಟಿಯನ್ನೇ ಮೂರೂ ಕಡೆ ಇಟ್ಟರೆ ಏನು ಎಂದು ಕೇಳಿದೆ. ದಿನದಿನದ ಬದಲಾವಣೆಗಳನ್ನು ಮೂರೂ ಕಡೆ ಒಂದೇ ಸಮ ಇಡಬೇಕೆಂದರೆ ಈ ಫೋನ್ ಲೈನುಗಳನ್ನು ನಂಬುವ ಹಾಗಿಲ್ಲ ಎಂದ. ಯುಪಿಎಸ್ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಜನರೇಟರ್ ಇಟ್ಟರೆ ಅಕ್ಕಪಕ್ಕದವರು ಗಲಾಟೆ ಮಾಡುತ್ತಾರೆಂದು ಅಧ್ಯಕ್ಷರು ಮೊದಲೇ ಕೈ ಆಡಿಸಿಬಿಟ್ಟರು.

"ಹಾಗಾದ್ರೆ ಯಾವ ಮಷೀನ್ ಉತ್ತರ ಕೊಡ್ಲಿಲ್ಲ ಅಂತ ಸ್ಕ್ರೀನ್ ಮೇಲೆ ಬರೋ ಹಾಗೆ ಮಾಡು," ಎಂದೆ. "ಆಮೇಲೆ ಪಾಲು ಮಾಡೋಣ."

"ಮಾಡ್ತೇನ್ರೀ. ಆದ್ರ ಅದಕ್ಕ ಇನ್ನ ಮೂರು ವಾರ ಬೇಕು." ಅವನು ನನ್ನನ್ನು ನೋಡಲಿಲ್ಲ, ಪೇಪರ್ ಕಟಿಂಗನ್ನು ನೋಡುತ್ತಿದ್ದ. "ಆಕಿಗೆ ಏಳು ತಿಂಗಳು ಆಗೈತ್ರೀ ಮೇಡಂ. ಈ ಮಷೀನ್ ಆವತ್ತ ಹ್ಯಾಂಗ್ ಆದ್ರ ನಾ ಏನ್ ಮಾಡ್ಲಿ?"

ಅಧ್ಯಕ್ಷರು ಮೀಟಿಂಗಿನ ತೀರ್ಮಾನ ಬರೆಯುವ ಕಾಗದವನ್ನು ನನ್ನ ಕಡೆ ಸರಿಸಿದರು. "ನೀವೇ ಹೇಳ್ಬಿಡಿ ಮೇಡಂ. ಕೂತು ಹುಡುಕೋರು ನೀವು."

ನಾನು ಸಹಿ ಹಾಕಿದೆ. ಟು ಬಿ ಹಾನೆಸ್ಟ್, ನನ್ನ ಟೈಡಿ ತಲೆ ಬೇಡ ಎಂದೇ ಹೇಳುತ್ತಿತ್ತು. ಆದರೆ ಆ ಮುಖ ನೋಡಿಕೊಂಡು ಮೂರು ವಾರ ಕಾಯಿ ಎಂದು ಹೇಳುವುದು ನನ್ನಿಂದ ಆಗಲಿಲ್ಲ. ಈಗ ಪಾಲು ಮಾಡುವುದು, ಉತ್ತರ ಕೊಡದ ಮಷೀನನ್ನು ಸ್ಕ್ರೀನ್ ಮೇಲೆ ತೋರಿಸುವ ಸೂಚನೆಯ ಕೆಲಸ ಆಮೇಲೆ ಎಂದು ನನ್ನ ಅಕ್ಷರದಲ್ಲೇ ಬರೆದೆ. ಎರಡೂ ಕೋಣೆಗಳಿಗೆ ಫೋನ್ ಮಾಡಿ, ಇಲ್ಲ ಎಂದು ಬಂದರೆ ಮೊದಲು ಕರೆಂಟಿನ ಪಟ್ಟಿ ನೋಡಿ, ಆಮೇಲೆ ನಂಬಿ ಎಂದು ಹೇಳಿದೆ. ಅವನಿಗೆ ಹೇಳಲಿಲ್ಲ. ಕಟ್ಟಿದವನಿಗೆ ನಾನೇನು ಹೇಳುವುದು?

ಹೊಸ ವ್ಯವಸ್ಥೆ ಸಖತ್ ಫಾಸ್ಟ್ ಎಂದು ಎಲ್ಲರೂ ಕುಣಿದಾಡಿದರು. ನಿಜ, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ನನಗೆ ಹೆದರಿಕೆಯಾದದ್ದು ಅದಕ್ಕೇ. ಹಳೆಯ ಮಷೀನು ತಿಣುಕಿ ತಿಣುಕಿ ಇಲ್ಲ ಎಂದಾಗ ಇನ್ನೊಮ್ಮೆ ಕೇಳೋಣ ಎಂದು ಮನಸ್ಸಿಗೆ ತಾನಾಗಿ ಬರುತ್ತಿತ್ತು. ಇದು ತಡವರಿಸದೆ ಇಲ್ಲ ಎನ್ನುತ್ತಿತ್ತು. ಅಷ್ಟು ಬೇಗ, ಅಷ್ಟು ಖಚಿತವಾಗಿ ಹೇಳಿದ್ದನ್ನು ಯಾರು ಅನುಮಾನಿಸುತ್ತಾರೆ? ಒಂದು ದಿನ ಹತ್ತೂವರೆಗೆ ಎಬಿ ನೆಗೆಟಿವ್ ಕೇಳಿದೆ, ಇಲ್ಲ ಎಂದಿತು. ಅದೇ ಪ್ರಶ್ನೆಯನ್ನು ಸಂಜೆ ಕೇಳಿದೆ. ಇಬ್ಬರು ಸಿಕ್ಕಿದರು, ಇಬ್ಬರೂ ಬನಶಂಕರಿ ಕಡೆಯವರು. ಬೆಳಿಗ್ಗೆ ಕೇಳಿಕೊಂಡು ಬಂದವರು ಅಷ್ಟು ಹೊತ್ತಿಗೆ ಎಲ್ಲಿಗೆ ಹೋಗಿದ್ದರೋ, ಏನಾಯಿತೋ, ನಮಗೆ ತಿಳಿಯಲೇ ಇಲ್ಲ. ಅವನಿಗೆ ಫೋನ್ ಮಾಡಿ ಹೇಳಿದೆ.

"ಬರೋ ಶನಿವಾರ ಕುಂತು ಮಾಡಿಬಿಡ್ತೇನ್ರೀ ಮೇಡಂ," ಎಂದ. ಆ ಶನಿವಾರ ಹೆಂಡತಿಗೆ ಸ್ಕ್ಯಾನಿಂಗ್ ಇತ್ತು. ಅದರ ಮುಂದಿನ ಶನಿವಾರ ಅವನ ಆಫೀಸಿನಲ್ಲಿ ಏನೋ ಅರ್ಜೆಂಟು. ನಾನು ದಿನಾ ಬೆಳಿಗ್ಗೆ ಹತ್ತಾದ ಕೂಡಲೇ ಗಡಿಯಾರ ನೋಡುವ ಅಭ್ಯಾಸ ಮಾಡಿಕೊಂಡೆ. ಹನ್ನೆರಡು ಹೊಡೆಯುವ ತನಕ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

ಒಂದು ಮಂಗಳವಾರ ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಅಧ್ಯಕ್ಷರ ಫೋನ್ ಬಂತು.

"ಮೇಡಂ, ನಮ್ಮ ಇಂಜಿನಿಯರ್ ಮನೆಯೋರಿಗೆ ಬ್ಲೀಡಿಂಗ್ ಶುರುವಾಗೋಯ್ತಂತೆ. ಜಯನಗರದಲ್ಲೇ ನರ್ಸಿಂಗ್ ಹೋಮಿಗೆ ಸೇರ್ಸವ್ರೆ. ನಮ್ಮ ಲಿಸ್ಟಲ್ಲಿ ಓ ನೆಗೆಟಿವ್ ಒಬ್ರೂ ಇಲ್ವಂತಲ್ಲ?"

"ಯಾರು ಹೇಳಿದ್ದು?"

"ಅವನೇ. ಬಿಟಿಎಂ ಕೋಣೆಗೆ ಓಡಿ ಬಂದು ಅವನೇ ಹುಡುಕ್ದ. ಎರಡು ಸಲ ಹುಡುಕ್ದ. ಇಲ್ಲ ಅಂತು. ಊರಿನ ಆ ತುದಿಯ ಬ್ಲಡ್ ಬ್ಯಾಂಕಿಗೆ ಆಟೋದಲ್ಲಿ ಹೋದ."

ಅವನು ಮೊದಲೇ ಗೊತ್ತುಮಾಡಿಕೊಂಡಿದ್ದ ಮೂವರಲ್ಲಿ ಒಬ್ಬರು ಹದಿನೈದು ದಿನದ ಹಿಂದೆ ಕೊಟ್ಟುಬಿಟ್ಟಿದ್ದರು, ಒಬ್ಬರು ಊರಲ್ಲಿಲ್ಲ, ಇನ್ನೊಬ್ಬರಿಗೆ ಜ್ವರ. ಅದಕ್ಕೇ ಪಟ್ಟಿಯ ಕಡೆಗೆ ಓಡಿದ್ದ. ಕಟ್ಟಿದವನು ತಾನೇ. ತನ್ನದನ್ನು ತಾನು ನಂಬಿದ.

ಬನಶಂಕರಿಗೆ ಫೋನ್ ಮಾಡಿದೆ. ಅಲ್ಲಿ ಕೂರುತ್ತಿದ್ದವರು ರಿಟೈರ್ ಆದ ಪೋಸ್ಟ್ ಮಾಸ್ಟರ್.

"ಹತ್ತಕ್ಕೇ ಹೋಯ್ತು ಮೇಡಂ ಕರೆಂಟು. ಇನ್ನು ಹನ್ನೆರಡಕ್ಕೇ."

"ಸರ್, ಮಷೀನಿನ ವೈರುಗಳನ್ನೆಲ್ಲ ಕಿತ್ತು, ಡಬ್ಬ ಮಾತ್ರ ಎತ್ಕೊಂಡು ಆಟೋದಲ್ಲಿ ಇಲ್ಲಿಗೆ ಬಂದ್ಬಿಡಿ. ಇಲ್ಲಿ ಹನ್ನೆರಡರವರೆಗೆ ಕರೆಂಟಿದೆ."

"ಕೀಳೋದಾ? ಇಂಜಿನಿಯರನ್ನ ಕೇಳ್ದೆ?"

"ನಾನು ಹೇಳ್ತಿದೀನಲ್ಲ. ಕಿತ್ಬಿಡಿ."

ಬಂದರು. ಬೆಡ್‌ಶೀಟಿನಲ್ಲಿ ಸುತ್ತಿ, ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು. ಆಟೋದವನು "ಟಿವಿ ರಿಪೇರಿಗಾ ಅಂಕಲ್?" ಎಂದು ದಾರಿಯುದ್ದಕ್ಕೂ ಕೇಳಿದನಂತೆ. ಗಂಟೆ ಹನ್ನೊಂದೂ ಇಪ್ಪತ್ತು. ನಮ್ಮ ಮಾನಿಟರಿನ ವೈರು ಕಿತ್ತು ಅದಕ್ಕೆ ಸಿಕ್ಕಿಸಿದೆವು. ಕರೆಂಟು ಹೋಗಿ ತಟ್ಟನೆ ಆರಿದ ಮಷೀನ್ ಆದ್ದರಿಂದ ಅದು ಮೊದಲು ತನ್ನನ್ನೇ ತಾನು ಪರೀಕ್ಷಿಸಿಕೊಳ್ಳಲು ಕೂತಿತು. ನೂರಕ್ಕೆ ನಾಲ್ಕು. ನೂರಕ್ಕೆ ಒಂಬತ್ತು. ಪೋಸ್ಟ್ ಮಾಸ್ಟರು ಬೆಡ್‌ಶೀಟನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆ ಶುರುಮಾಡಿದೆ. ಎರಡನೆಯ ಸಾಲು ನೆನಪಾಗಲೇ ಇಲ್ಲ. ಹನ್ನೆರಡಕ್ಕೆ ನಮ್ಮ ಕರೆಂಟೂ ಹೋಗುತ್ತದೆ.

ಹನ್ನೊಂದೂ ಮುಕ್ಕಾಲಿಗೆ ಪಟ್ಟಿ ತೆರೆಯಿತು. ಓ ನೆಗೆಟಿವ್, ಐದು ಹೆಸರು. ಮೊದಲನೆಯ ಫೋನು ಎತ್ತಲಿಲ್ಲ. ಎರಡನೆಯವರು ಮೈಸೂರಿನಲ್ಲಿದ್ದರು. ಮೂರನೆಯವರು ಅಂಜನಾಪುರದಲ್ಲಿ ಸಸಿಗಳ ನರ್ಸರಿ ಇಟ್ಟುಕೊಂಡಿದ್ದ ಹೆಂಗಸು. "ಕೈಯೆಲ್ಲ ಮಣ್ಣಾಗಿದೆ ಮೇಡಂ, ತೊಳ್ಕೊಂಡು ಬಂದೆ," ಎಂದರು. ನಾಲ್ಕನೆಯವರೂ ಒಪ್ಪಿದರು. ಅವರಿಬ್ಬರೂ ನರ್ಸಿಂಗ್ ಹೋಮ್ ಮುಟ್ಟುವ ಹೊತ್ತಿಗೆ ಒಂದು ಗಂಟೆ ದಾಟಿತ್ತು. ಅವನಿನ್ನೂ ಬ್ಲಡ್ ಬ್ಯಾಂಕಿನಿಂದ ಬರಿಗೈಯಲ್ಲಿ ವಾಪಸಾಗುತ್ತ ಟ್ರಾಫಿಕ್ಕಿನಲ್ಲಿದ್ದ.

ಹೆಂಡತಿ ಉಳಿದಳು. ಮಗು ಉಳಿಯಲಿಲ್ಲ.

ರಕ್ತ ಒಂದು ಗಂಟೆ ಮುಂಚೆ ಬಂದಿದ್ದರೆ ಮಗು ಉಳಿಯುತ್ತಿತ್ತೇ ಎಂದು ಆ ಡಾಕ್ಟರನ್ನು ನಾನೇ ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹೇಳೋಕಾಗಲ್ಲಮ್ಮ," ಎಂದರು. ಹೌದು ಎಂದಿದ್ದರೂ ಇಲ್ಲ ಎಂದಿದ್ದರೂ ಇಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ.

ತಿಂಗಳಾದ ಮೇಲೆ ಒಂದು ಶನಿವಾರ ಅವನು ಬಂದ. ಕಾಫಿ ಬೇಡ ಎಂದ. ಮಧ್ಯಾಹ್ನ ಕೂತು ಆ ಸೂಚನೆಯ ಕೆಲಸ ಮುಗಿಸಿದ. ಮೂರು ವಾರ ಬೇಕು ಎಂದಿದ್ದ ಕೆಲಸ ನಾಲ್ಕು ಗಂಟೆಯಲ್ಲಿ ಮುಗಿಯಿತು. ಬನಶಂಕರಿಗೆ ಫೋನ್ ಮಾಡಿ ಮಷೀನ್ ಆರಿಸಲು ಹೇಳಿದ, ನನ್ನ ಕಡೆ ಕೀಬೋರ್ಡ್ ತಳ್ಳಿದ. ಹುಡುಕಿದೆ. ಬನಶಂಕರಿ ಉತ್ತರ ಕೊಡುತ್ತಿಲ್ಲ, ಪಟ್ಟಿ ಅಪೂರ್ಣ ಎಂದು ಕೆಂಪು ಅಕ್ಷರದಲ್ಲಿ ಬಂತು.

"ನಿಮಗ ಗೊತ್ತಿತ್ತಲ್ರೀ ಮೇಡಂ," ಎಂದ, ಸ್ಕ್ರೀನ್ ನೋಡುತ್ತಲೇ. "ಸಹಿ ಯಾಕ ಮಾಡಿದ್ರಿ?"

"ನೀನು ಕೇಳಿದೆ ಅಂತ."

"ಬ್ಯಾಡ ಅಂದಿದ್ರ ನಿಮ್ಮ ಮ್ಯಾಲೆ ಸಿಟ್ಟಾಗ್ತಿದ್ದೆ," ಎಂದ. "ಈಗ ಯಾರ ಮ್ಯಾಲೆ ಆಗ್ಲಿ, ಹೇಳ್ರಿ?"

ನನ್ನ ಮೇಲೇ ಆಗಪ್ಪ ಎನ್ನಬೇಕಿತ್ತು. ಅವನು ಚಪ್ಪಲಿ ಮೆಟ್ಟಿಕೊಂಡು ಗೇಟು ಹಾಕಿಕೊಂಡು ಹೋದ. ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಬಿಟಿಎಂ ಕೋಣೆಯವರು ಮಾತ್ರ ಫೋನ್ ಮಾಡಿದ್ದರು: ಸರ್ಚ್ ಈಗ ತುಂಬಾ ಚೆನ್ನಾಗಿದೆ ಮೇಡಂ, ಇಂಜಿನಿಯರ್ ಸಾರ್‌ಗೆ ಥ್ಯಾಂಕ್ಸ್ ಹೇಳಿಬಿಡಿ.