ಮಾಸ್ತರರ ಕಿವಿ

ಆಗ ನನಗೆ ಐವತ್ತಾರು. ಹದಿನಾಲ್ಕು ವರ್ಷ ಆಯ್ತು. ಮಾಸ್ತರರ ಎಡಗಿವಿ ಅಂಗೈ ಅಗಲ, ಒಳಗಿಂದ ಬಿಳಿ ಕೂದಲು ಹೊರಗೆ ಇಣುಕುತ್ತಿತ್ತು. ಯಾರಾದರೂ ಬಾಯಿ ತೆರೆದರೆ ಸಾಕು, ಆ ಕಿವಿಯನ್ನು ಅವರ ಬಾಯಿಗೇ ತಂದಿಡುವರು. ಅಷ್ಟು ಮಾಡಿದರೂ ಕೇಳುತ್ತಿರಲಿಲ್ಲ.

ದಾಂಡೇಲಿಯ ಬಂಗೂರನಗರದ ಅವರ ಮನೆಗೆ ನಾನು ಕಸ ಮುಸುರೆಗೆ ಹೋಗುತ್ತಿದ್ದೆ. ಕಾಲೇಜಿನಲ್ಲಿ ಸಂಸ್ಕೃತ ಕಲಿಸಿ ರಿಟೈರ್ ಆದವರು. ಅವರಿಗೆ ಒಂದೇ ಹುಚ್ಚು. 'ಯಾರೋ' ಅನ್ನುವುದಕ್ಕೆ ಊರೂರಿನ ಮುದುಕಿಯರು ಏನನ್ನುತ್ತಾರೆ ಅಂತ ಬರೆದುಕೊಳ್ಳುವುದು.

“ಈ ಮಾತಿಗೆ ಸಂಸ್ಕೃತದಾಗ ಕೋಪಿ ಅಂತ ಒಬ್ಬಾಕಿ ಅಜ್ಜಿ. ಉರ್ದುದವರ ಕೋಯಿ ಆಕಿ ಮೊಮ್ಮಗಳು. ಕೊಂಕಣಿ, ಮರಾಠಿಯ ಕೋಣಿ ದೊಡ್ಡಪ್ಪನ ಕಡೆಯಾಕಿ. ನಿಮ್ಮ ಸಿದ್ದಿ ಮಂದಿ ಮನ್ಯಾಗ ಹೆಂಗ ಅದಾಳ, ನೋಡೂಣು” ಅನ್ನುವರು.

ನಾನು ಸಿದ್ದಿ. ನಮ್ಮ ಮನೆಮಾತು ಕೊಂಕಣಿಯಂಥದ್ದು, ಆದರೆ ನಮ್ಮದೇ. ಅದಕ್ಕೇ ನನ್ನನ್ನು ಜೊತೆಗೆ ಕರೆದುಕೊಂಡರು. ಮುದುಕಿ ಅಂದದ್ದನ್ನು ನಾನು ಅವರ ಕಿವಿಯಲ್ಲಿ ಕೂಗಬೇಕು, ಅವರು ಬರೆಯಬೇಕು. ಬಸ್ಸಿನಲ್ಲಿ ಕೂತಾಗ ನನಗೂ ಅಕ್ಷರ ತಿದ್ದಿಸಿದರು.

ನೇರ ಕೇಳಿದರೆ ಮಂದಿ ನಾಜೂಕಾಗಿ ಮಾತಾಡುತ್ತಾರಂತೆ. ಹಾಗಾಗಿ ಬಾಗಿಲ ಚೌಕಟ್ಟಿಗೆ ಕೊಡೆಯಿಂದ ಬಡಿದು ಮರೆಗೆ ನಿಲ್ಲುವರು. ಒಳಗಿನ ಮುದುಕಿ 'ಯಾರೋ ಬಂದಾರ ನೋಡು' ಅಂತ ತನ್ನ ಮಾತಿನಲ್ಲಿ ಕೂಗಿದರೆ ಅದು ಬೇಕು. ಸಾಂಬ್ರಾಣಿ ಅನ್ನುವ ಊರಿನದು ಮೊದಲ ಮನೆ, ನನ್ನ ಚಿಕ್ಕವ್ವನದು. ವಿಷಯ ತಿಳಿದು ಆಕೆ ನಕ್ಕಳು.

“ಇದನ್ನ ಕೇಳಾಕ ದಾಂಡೇಲಿಯಿಂದ ಬಂದ್ರಿ? ನಿಮ್ಮ ಮನಿ ಬಾಗಲಾ ಯಾರೂ ಬಡಿಯಂಗಿಲ್ಲೇನ್ರಿ ಮಾಸ್ತರ?”

ನಾನು ಕಿವಿಯಲ್ಲಿ ಕೂಗಿದೆ. “ಬಡೀತಾರವ್ವಾ, ನನಗ ಕೇಳಂಗಿಲ್ಲ” ಅಂದರು.

ಆದರೆ ಬೇಕಾದ ಮಾತನ್ನು ಮಾತ್ರ ನಾನು ಸರಿಯಾಗಿ ಕೂಗಲಿಲ್ಲ. ಚಿಕ್ಕವ್ವ ಅಂದದ್ದು ಬಾಲ ನುಂಗಿದ್ದು, ಮೂಗಿನಿಂದ ಬಂದದ್ದು. ಹಳಿಯಾಳ ಸಂತೆಯಲ್ಲಿ ಹಾಗೆ ಮಾತಾಡಿದರೆ ಅಂಗಡಿಯವರು ಅಣಕಿಸುತ್ತಿದ್ದರು. ಅದು ಪುಸ್ತಕಕ್ಕೆ ಹೋಗುವುದು ನನಗೆ ಬೇಡವಾಗಿತ್ತು. ಪೇಟೆಯವರ ಹಾಗೆ ನೆಟ್ಟಗೆ “ಕೋಣಿ” ಅಂದೆ. ಜೋಯಿಡಾ ಕಡೆ, ಮುಂಡಗೋಡ ಕಡೆ, ನಮ್ಮವರ ಮನೆಮನೆಯಲ್ಲೂ ಅದನ್ನೇ ಮಾಡಿದೆ. ಎರಡು ವರ್ಷ.

ಒಂದು ಮಧ್ಯಾಹ್ನ ಮಾಸ್ತರರು ವಹಿ ಮುಚ್ಚಿದರು. “ಮುಗೀತು. ನಿಮ್ಮ ಮಂದಿಗೆ ತಮ್ಮದು ಅಂತ ಮಾತು ಉಳದಿಲ್ಲ. ಹಂಗಂತ ಬರದೇನಿ. ನಾಳೆ ಅಚ್ಚಿಗೆ ಕೊಡ್ತೇನಿ.”

ಚಹಾದ ಕಪ್ಪು ಕೆಳಗಿಟ್ಟೆ. ಮಾತು ಉಳಿದಿತ್ತು. ಅಳಿಸಿದವಳು ನಾನು. ಕಿವಿಗೆ ಬಾಯಿ ಹಚ್ಚಿ ಎಲ್ಲಾ ಹೇಳಿದೆ.

ಸಿಟ್ಟು ಮಾಡಲಿಲ್ಲ. ಮುಚ್ಚಿದ ವಹಿ ಮತ್ತೆ ತೆರೆದರು. “ನಾನಂತೂ ಕಿವುಡ. ನಿನಗೇನಾಗಿತ್ತ?” ಅಂದರು. ಆಮೇಲೆ ನಮ್ಮ ಮನೆಗಳ ಒಂದೊಂದು ಪುಟಕ್ಕೂ ಅಡ್ಡಗೆರೆ ಎಳೆದರು. ನಾನು ಅಳಲಿಲ್ಲ. ಅತ್ತರೆ ಅವರಿಗೆ ಕೇಳುತ್ತಲೂ ಇರಲಿಲ್ಲ.

ಅದಾದ ಮೇಲೆ ಏಳು ತಿಂಗಳು ಬದುಕಿದರು, ಮಲಗಿದಲ್ಲೇ. ಅಷ್ಟರಲ್ಲಿ ನಾನು ಹೊಸದಾಗಿ ಬರೆದು ತಂದು ಅವರ ಕಣ್ಣಿಗೆ ತೋರಿಸಲು ಆದದ್ದು ಹನ್ನೊಂದು ಮನೆಯ ಮಾತು. ಉಳಿದ ಮನೆಗಳಲ್ಲಿ ಮೂವರು ಮುದುಕಿಯರು ಸತ್ತೇ ಹೋಗಿದ್ದರು. ಅವರು ಅಂದದ್ದು ಕೇಳಿದ್ದು ನಾನೊಬ್ಬಳೇ. ನನಗೂ ಈಗ ನೆನಪಿಲ್ಲ.

ಗೆರೆ ಎಳೆದ ಮರುದಿನ ಬೆಳಿಗ್ಗೆ ನಾನು ಕಸ ಗುಡಿಸಲಿಲ್ಲ. ಅವರ ಕೊಡೆ ತೆಗೆದುಕೊಂಡು ಮೊದಲ ಬಸ್ಸಿಗೆ ಸಾಂಬ್ರಾಣಿಗೆ ಹೋದೆ. ಚಿಕ್ಕವ್ವನ ಬಾಗಿಲು ಬಡಿದು ಮರೆಗೆ ನಿಂತೆ. ಒಳಗಿಂದ ಕೂಗಿದಳು. ಕೂಗಿದ ಹಾಗೇ ಬರೆದುಕೊಂಡೆ.