ಮನೆ ಮುಂದಿನ ಒಂದು ನಿಮಿಷ

ಇಳಕಲ್ಲಿನ ಕಾಲೇಜಿನಿಂದ ಬಾಗಲಕೋಟೆಗೆ ಮರಳುವಾಗ, ಹುನಗುಂದ ದಾಟಿದ ಮೇಲೆ, ಕನ್ನಡಿಯಲ್ಲಿ ನೀಲಿ ಹೊಗೆ ಕಂಡಿತು. ಗಂಡ ತೀರಿಕೊಂಡು ಏಳು ತಿಂಗಳಾಗಿತ್ತು. ಅವರ ಟರ್ಬೊ ಡೀಸೆಲ್ ಕಾರನ್ನು ಈಗ ನಾನೇ ಓಡಿಸುತ್ತಿದ್ದೆ. ಆಯಿಲ್ ಹಾಕಿಸಿದರೂ ಹದಿನೈದೇ ದಿನಕ್ಕೆ ಕಡಿಮೆಯಾಗುತ್ತಿತ್ತು.

ಅವರ ಕಾಲದಿಂದಲೂ ಗಾಡಿ ನೋಡುತ್ತಿದ್ದ ಮಿಸ್ತ್ರಿಯ ಹತ್ತಿರ ಹೋದೆ. ಮಿಸ್ತ್ರಿ ಮೊದಲು ಹೊಗೆಯ ಬಣ್ಣ ನೋಡಿದರು.

"ಕರಿ ಹೊಗಿ ಅಂದ್ರ ಡೀಸೆಲ್ ಜಾಸ್ತಿ ಹೊಂಟೈತಿ. ನೀಲಿ ಅಂದ್ರ ಆಯಿಲ್ ಸುಡಾಕತ್ತೈತ್ರಿ."

ಎಂಜಿನ್ನಿನ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಅಳೆದರು, ಸರಿಯಾಗಿತ್ತು. ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಟರ್ಬೊದ ಪೈಪು ಬಿಚ್ಚಿ ಒಳಗೆ ಬೆರಳು ಹಾಕಿದರು. ಎಣ್ಣೆಯಲ್ಲಿ ಅದ್ದಿದಂತೆ ಹೊರಬಂತು. ಒಳಗಿನ ಪುಟ್ಟ ಚಕ್ರವನ್ನು ಮುಟ್ಟಿದರೆ ಬೀಳಲಿರುವ ಹಲ್ಲಿನಂತೆ ಅಲುಗಿತು.

"ಎಂಜಿನ್ ಗಟ್ಟಿ ಐತ್ರಿ, ಟರ್ಬೊ ಹೋಗೈತಿ. ದೂರದಿಂದ ಜೋರಾಗಿ ಬಂದು, ನಿಂದ್ರಿಸಿದ ಕೂಡ್ಲೆ ಬಂದ್ ಮಾಡ್ತೀರೇನ್ರಿ ಅಕ್ಕಾರ?"

"ಮತ್ತ? ಚಾಲೂ ಇಟ್ಟು ಏನ್ ಮಾಡೂದ್ರಿ?"

"ಒಂದ್ ನಿಮಿಷ ಹಂಗ ಬಿಡಬೇಕು. ಟರ್ಬೊ ಕೆಂಡ ಆಗಿರ್ತೈತಿ. ಆಯಿಲ್ ಹರಿಯೂದು ನಿಂತ್ರ ಅಲ್ಲೇ ಸುಟ್ಟು ಕಿಟ್ಟ ಕಟ್ತೈತಿ. ಸಾಹೇಬ್ರಿಗೆ ನಾನ ಹೇಳಿದ್ದೆ, ಅವ್ರು ಒಂದಿನಾನೂ ತಪ್ಪಿಸ್ತಿರ್ಲಿಲ್ಲ. ನಿಮಗ ಹೇಳಿರ್ಲಿಲ್ಲೇನ್ರಿ?"

ಇಲ್ಲ ಎಂದೆ. ಹೇಳಿದ್ದರೋ ಏನೋ.

ಗಾಡಿ ಅಲ್ಲೇ ಬಿಟ್ಟು, ಆಟೊದಲ್ಲಿ ವಿದ್ಯಾಗಿರಿ ಬಡಾವಣೆಯ ಮನೆಗೆ ಬಂದು ಹಳೆಯ ಡೈರಿ ತೆಗೆದೆ. ನೆನಪನ್ನು ನಾನು ನಂಬುವುದಿಲ್ಲ, ಬರೆದಿಟ್ಟದ್ದನ್ನು ನಂಬುತ್ತಿದ್ದೆ. ನನ್ನದೇ ಅಕ್ಷರ: 'ಇವತ್ತೂ ಮನೆ ಮುಂದೆ ಬಂದು ಗಾಡಿಯಲ್ಲೇ ಕೂತರು. ಒಳಗೆ ಬರಲು ಮನಸ್ಸಿಲ್ಲ.' ವಾರದ ನಂತರ: 'ಮತ್ತೆ ಕೂತರು. ಯಾರಿಗೆ ಫೋನೋ.' ಕೊನೆಯ ವರ್ಷವೆಲ್ಲ ಅದೇ ಸಿಟ್ಟಿನಲ್ಲಿ ತಾಟಿಗೆ ರೊಟ್ಟಿ ಪಲ್ಯ ಹಾಕಿಟ್ಟು ಒಳಕೋಣೆಗೆ ಹೋಗಿಬಿಡುತ್ತಿದ್ದೆ. ಅವರು ಒಬ್ಬರೇ ಉಣ್ಣುತ್ತಿದ್ದರು. ಯಾಕೆಂದು ಅವರು ಕೇಳಲಿಲ್ಲ. ಯಾಕೆ ಕೂರುತ್ತೀರೆಂದು ನಾನೂ ಕೇಳಲಿಲ್ಲ.

ಆಗ ಎಂಜಿನ್ನಿನ ಸದ್ದು ಕೇಳುತ್ತಿತ್ತೇ? ಕೇಳುತ್ತಿದ್ದಿರಲೇಬೇಕು. ಡೈರಿಯಲ್ಲಿ ಅದಿಲ್ಲ. ಅವರ ಕೈಯಲ್ಲಿ ಫೋನು ಕಂಡದ್ದೂ ಇಲ್ಲ.

ಟರ್ಬೊ ಬದಲಾಯಿಸಿಕೊಂಡು ಬಂದ ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟೇ ಕೂತೆ. ಡ್ರೈವರ್ ಸೀಟಿನಿಂದ ಅಡುಗೆಮನೆಯ ಕಿಟಕಿ ನೇರ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ದಿನಾ ನಾನು ಆ ಸರಳುಗಳ ಹಿಂದೆ ನಿಂತು, ಮುಖ ಗಂಟಿಕ್ಕಿಕೊಂಡು, ಅವರನ್ನೇ ನೋಡುತ್ತಿದ್ದೆ. ಅವರು ಅದನ್ನೆಲ್ಲ ನೋಡುತ್ತ, ಆ ಒಂದು ನಿಮಿಷ ಮುಗಿಸಿ, ಒಳಗೆ ಬರುತ್ತಿದ್ದರು.