ಕಂಬದ ಪಕ್ಕದ ಕುರ್ಚಿ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಡೇರಿಗೆ ಕೊಟ್ಟು ಬಂದೆ. ಅವರೆಕಾಯಿ ಸುಲಿದು ಕಾಳು ನೆನೆಹಾಕಿದೆ. ಬ್ಯಾಟರಿಗಳನ್ನು ಚಾರ್ಜಿಗೆ ಇಟ್ಟೆ. ಉದ್ದ ಲೆನ್ಸಿಗೆ ಮೆತ್ತಿದ್ದ ಮದುವೆಮನೆ ಅರಿಶಿನವನ್ನು ಹಳೇ ಪಂಚೆ ತುಂಡಿನಲ್ಲಿ ಒರೆಸಿದೆ. ಕ್ಯಾಲನೂರಿನಲ್ಲಿ ಬಸ್ಸು ಹತ್ತಿ ಕೋಲಾರಕ್ಕೆ ಬಂದು ಸ್ಟುಡಿಯೋ ಬಾಗಿಲು ತೆಗೆದೆ, ಊದುಬತ್ತಿ ಹಚ್ಚಿದೆ. ಆಮೇಲೆ ಜಗಳಕ್ಕೆ ತಯಾರಾಗಿ ಕೂತೆ.

ಶ್ರೀನಿವಾಸಪುರದ ಮದುವೆಯ ಆಲ್ಬಂ ನೋಡಲು ಹುಡುಗಿಯ ಸೋದರಮಾವ ಬರುವವರಿದ್ದರು. ಮೊದಲ ಪುಟದ ಫೋಟೋ ಕಂಡರೆ ಅವರು ತೆಗೆದುಹಾಕಲು ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ತೆಗೆಯುವುದಿಲ್ಲ ಎಂದು ನಾನೂ ಗಟ್ಟಿ ಮಾಡಿಕೊಂಡಿದ್ದೆ.

ನಮ್ಮ ಕಡೆ ಮದುವೆ ಫೋಟೋ ಅಂದರೆ ಸ್ಟೇಜ್ ಹತ್ತಬೇಕು, ಅಗಲ ಲೆನ್ಸ್ ಹಾಕಬೇಕು, ಎಲ್ಲರ ಮುಖಕ್ಕೂ ಫ್ಲ್ಯಾಷ್ ಹೊಡೆಯಬೇಕು. ನಮ್ಮ ಮನೆ ಯಜಮಾನರು ನನಗೆ ಕಲಿಸಿದ್ದೂ ಹಾಗೇ. ಮಾಲೂರಿನ ಒಂದು ಮದುವೆಯಲ್ಲಿ ಹಾಗೇ ತೆಗೆದೆ. ಅಂಚಿನಲ್ಲಿ ನಿಂತಿದ್ದ ಹೆಣ್ಣಿನ ಚಿಕ್ಕಮ್ಮನ ತೋಳು ಫೋಟೋದಲ್ಲಿ ದಿಂಬಿನಷ್ಟಾಗಿತ್ತು. "ನಾನೇನು ನಿನಗೆ ಅನ್ಯಾಯ ಮಾಡಿದ್ನೇ ತಾಯಿ?" ಎಂದು ಆಕೆ ಕೇಳಿದ್ದು ಈಗಲೂ ಕಿವಿಯಲ್ಲಿದೆ. ಅಲ್ಲಿಂದ ಮುಂದೆ ಉದ್ದ ಲೆನ್ಸಿಗೆ ಕೈ ಒಗ್ಗಿತು. ಭಾರ, ಭುಜ ನೋಯುತ್ತದೆ. ಆದರೆ ದೂರದಲ್ಲಿ ನಿಂತರೆ ಜನ ನನ್ನನ್ನು ಮರೆಯುತ್ತಾರೆ, ಮರೆತಾಗ ಅವರ ಮುಖ ಅವರದ್ದಾಗಿರುತ್ತದೆ. ಇನ್ನೂ ಒಂದು ಚಮತ್ಕಾರವಿದೆ. ಆ ಲೆನ್ಸ್ ನಡುವಿನ ಜಾಗವನ್ನು ಸೀರೆಯ ಹಾಗೆ ಮಡಚಿಬಿಡುತ್ತದೆ. ಛತ್ರದ ಆ ತುದಿಯಲ್ಲಿರುವವರು ಈ ತುದಿಯವರ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತಾರೆ.

"ಅಷ್ಟು ದೂರ ನಿಂತ್ರೆ ಫೋಟೋದೋಳು ಬಂದಿದ್ಲಾ ಇಲ್ವಾ ಅಂತ ಕೇಳ್ತಾರೆ ಕಣೇ," ಎನ್ನುತ್ತಿದ್ದರು ಯಜಮಾನರು.

"ಕೇಳ್ಲಿ," ಎನ್ನುತ್ತಿದ್ದೆ.

ಶ್ರೀನಿವಾಸಪುರದ ಆ ಹುಡುಗಿ ಮದುವೆಗೆ ಮೊದಲೇ ಒಬ್ಬಳೇ ಸ್ಟುಡಿಯೋಗೆ ಬಂದಿದ್ದಳು. ಅಪ್ಪ ಇಲ್ಲ. ಗಂಡ ಸತ್ತವಳು ಮುಹೂರ್ತದಲ್ಲಿ ಸ್ಟೇಜ್ ಹತ್ತಬಾರದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಧಾರೆ ಎರೆಯುವುದು ಸೋದರಮಾವ ಮತ್ತು ಅತ್ತೆ. "ಆಂಟಿ, ಮುಹೂರ್ತದ ಫೋಟೋದಲ್ಲಿ ನಮ್ಮಮ್ಮ ಇರ್ಬೇಕು. ಬೇರೆ ಏನೂ ಕೇಳಲ್ಲ," ಎಂದಳು. ಆಗಲಿ ಎಂದು ಮಾತು ಕೊಟ್ಟೆ.

ಮದುವೆ ದಿನ ಆ ತಾಯಿ ಹಿಂದುಗಡೆ ಕಂಬದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಸ್ಟೇಜಿನಲ್ಲಿ ಯಜಮಾನರು ಅಗಲ ಲೆನ್ಸಿನಲ್ಲಿ ಎಲ್ಲರನ್ನೂ ಹಿಡಿಯುತ್ತಿದ್ದರು. ನಾನು ಉದ್ದ ಲೆನ್ಸ್ ಹಿಡಿದು ಕುರ್ಚಿಯ ಹಿಂದೆ ನಿಂತೆ. ಗಂಡು ಹೆಣ್ಣಿನ ನಡುವೆ ತೆರೆ ಹಿಡಿದಿದ್ದರು, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ.

ಸೋದರಮಾವ ಸ್ಟೇಜಿನಿಂದಲೇ ಕೂಗಿದರು. "ಏನಮ್ಮಾ, ಮೊದಲ್ನೇ ಪಂಕ್ತಿಗೆ ಜಾಗ ಹಿಡೀತಿದ್ದೀಯಾ? ಮೇಲ್ ಬಾ!"

ಜನ ನಕ್ಕರು. "ಇಲ್ಲಿಂದ್ಲೇ ಚೆನ್ನಾಗಿ ಕಾಣ್ತದೆ ಅಣ್ಣಾ," ಎಂದು ನಾನೂ ಕೂಗಿದೆ.

"ಹೋಗಮ್ಮಾ, ನನ್ನಿಂದ ನಿನಗ್ಯಾಕೆ ಮಾತು," ಎಂದರು ಆ ತಾಯಿ ಮೆಲ್ಲಗೆ.

ಅಷ್ಟರಲ್ಲಿ ಅಕ್ಷತೆ ತಟ್ಟೆ ಬಂತು. ತಂದವಳು ಆ ತಾಯಿಯನ್ನು ಬಿಟ್ಟು ನನಗೆ ಕೊಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಹಿಡಿಯಲ್ಲಿದ್ದ ಅಷ್ಟೂ ಅಕ್ಷತೆಯನ್ನು ಆಕೆಯ ಕೈಗೆ ಸುರಿದೆ. "ನನ್ನ ಕೈ ಖಾಲಿ ಇಲ್ಲ ಅಕ್ಕಾ. ನೀವೇ ಹಾಕಿ."

ಗಟ್ಟಿಮೇಳ ಶುರುವಾಯಿತು. ನಾನು ಹಿಂದಿನ ಗೋಡೆಯವರೆಗೂ ಸರಿದು ನಿಂತೆ. ತೆರೆ ಸರಿಯಿತು. ಆಕೆ ಕೂತಲ್ಲಿಂದಲೇ ಕೈ ಎತ್ತಿದರು. ನಾನು ಕ್ಲಿಕ್ ಮಾಡಿದೆ.

ಅದೇ ಮೊದಲ ಪುಟ. ತಾಯಿಯ ಕೈ ಮಗಳ ನೆತ್ತಿಯ ಮೇಲೇ ಇದೆ. ಅಷ್ಟು ಉದ್ದದ ಛತ್ರ ಎಲ್ಲಿ ಹೋಯಿತೋ, ಅಕ್ಷತೆ ನೇರ ಮಗಳ ತಲೆಗೇ ಬೀಳುತ್ತಿದೆ.

ಇವತ್ತು ಸೋದರಮಾವ ಬಂದರು, ಜೊತೆಗೆ ಆ ತಾಯಿಯೂ. ನಾನು ಅದನ್ನು ಎಣಿಸಿರಲಿಲ್ಲ. ಪುಟ ತೆರೆದವರೇ ಸೋದರಮಾವ ಹುಬ್ಬು ಗಂಟಿಕ್ಕಿದರು.

"ಇದೇನಿದು? ಗಂಡಿನ ಕಡೆಯೋರು ನೋಡಿದ್ರೆ ಏನಂತಾರೆ?"

"ನೋಡ್ಲಿ ಅಂತಾನೇ ಮೊದಲ್ನೇ ಪುಟಕ್ಕೆ ಹಾಕಿರೋದು."

"ತೆಗ್ದಾಕು."

"ತೆಗೆಯಲ್ಲ ಅಣ್ಣಾ. ಹುಡುಗಿ ನನ್ನ ಕೇಳಿದ್ದು ಇದೊಂದೇ. ಇದು ಬೇಡ ಅಂದ್ರೆ ಆಲ್ಬಂ ಬೇರೆ ಕಡೆ ಮಾಡಿಸ್ಕೊಳ್ಳಿ."

"ಲೇ, ಕಡೇ ಪುಟಕ್ಕಾದ್ರೂ ಹಾಕೋಣ," ಎಂದರು ಯಜಮಾನರು, ಕಂಪ್ಯೂಟರ್ ಹಿಂದಿನಿಂದ.

"ಕಡೇ ಸಾಲಲ್ಲಿ ಕೂರಿಸಿದ್ದು ಸಾಲ್ದಾ?"

ಆ ತಾಯಿ ಪುಟವನ್ನು ತಮ್ಮ ಕಡೆ ಎಳೆದುಕೊಂಡರು. ಫೋಟೋದಲ್ಲಿ ತಮ್ಮ ಕೈಗೂ ಮಗಳ ತಲೆಗೂ ನಡುವೆ ಬೆರಳಿಟ್ಟು ನೋಡಿದರು. ಬೆರಳು ಹಿಡಿಯುವಷ್ಟೂ ಜಾಗವಿರಲಿಲ್ಲ.

"ಉಂಡನೀಲೇ ಅನ್ನಾ," ಎಂದರು ತೆಲುಗಿನಲ್ಲಿ, ಅಣ್ಣನ ಕಡೆ ತಿರುಗದೆ. ಆಮೇಲೆ ನಮಗೂ ಕೇಳಲಿ ಎನ್ನುವ ಹಾಗೆ, "ಇರ್ಲಿ ಬಿಡು. ಯಾರಾದ್ರೂ ಕೇಳಿದ್ರೆ ನನ್ನನ್ನ ಕರಿ. ಹೌದು, ನಾನೇ ಹಾಕ್ದೆ ಅಂತೀನಿ. ಹೆತ್ತೋಳು ನಾನು."

ಅಣ್ಣ ತಂಗಿಯ ಮುಖ ನೋಡಿದರು, ಫೋಟೋ ನೋಡಿದರು. ಎದ್ದು ಚಪ್ಪಲಿ ಮೆಟ್ಟುತ್ತಾ ನನಗೆ ಹೇಳಿದರು: "ಬೈಂಡಿಂಗ್ ಗಟ್ಟಿ ಮಾಡ್ಸು. ಮೊದಲ್ನೇ ಪುಟಾನೇ ಜಾಸ್ತಿ ತೆಗೀತಾರೆ."

ಸಂಜೆ ಮನೆಗೆ ಬಂದು ನೆನೆದ ಕಾಳು ಹಿತುಕಿದೆ. ಹಿತಕಬೇಳೆ ಸಾರು, ಬಿಸಿ ಮುದ್ದೆ. ಯಜಮಾನರು ಇನ್ನೊಂದು ಮುದ್ದೆ ಹಾಕಿಸಿಕೊಂಡು, "ನಂಗಲೀಲಿ ನಡೆಯೋ ಮದ್ವೇಗೆ ಆ ಉದ್ದ ಲೆನ್ಸ್ ನಾನ್ ತಗೊಳ್ಲಾ?" ಎಂದರು.

"ಮುಟ್ಟಿ ನೋಡಿ," ಎಂದೆ.

ನಗುತ್ತಾ ಹೋಗಿ ಅವರೇ ಮೊದಲು ಮಲಗಿದರು. ನಾನು ಪಾತ್ರೆ ತೊಳೆದು, ಲೆನ್ಸ್ ಚೀಲವನ್ನು ನನ್ನ ತಲೆದಿಂಬಿನ ಕಡೆ ಇಟ್ಟುಕೊಂಡು ಮಲಗಿದೆ.